ರಾತ್ರಿ ಒಂಬತ್ತೂವರೆಯ ಸಂದೇಶ

"ನಾಳೆ ನೋಡಿದರೆ ಸಾಕು" ಎಂದು ಬರೆದೇ ಮೇಲಧಿಕಾರಿಗಳು ರಾತ್ರಿ ಒಂಬತ್ತೂವರೆಗೆ ಕಡತ ಕಳುಹಿಸುತ್ತಾರೆ. ಸಾಕು ಹೇಗಾಗುತ್ತದೆ? ತೆರೆದರೆ ನೀಲಿ ಗುರುತು ಬೀಳುತ್ತದೆ, ತೆರೆಯದಿದ್ದರೆ ಒಳಗೇನಿದೆಯೋ ಎಂಬ ಚಿಂತೆ. ಗಂಜಿ ಬಟ್ಟಲಿನ ಪಕ್ಕ ಮಗುಚಿ ಇಟ್ಟ ಮೊಬೈಲ್ ಗುಂಯ್ ಎಂದು ಮೇಜಿನ ಮೇಲೆ ಜರುಗುತ್ತದೆ. ಮಗಳು ಹೇಳುತ್ತಿದ್ದ ಮಾತು ನಿಲ್ಲಿಸಿ "ಅಮ್ಮಾ, ಆಫೀಸಾ?" ಎನ್ನುತ್ತಾಳೆ. ಆ ಪ್ರಶ್ನೆ ನನಗೆ ನಿಜಕ್ಕೂ ನೋವು ಕೊಡುತ್ತದೆ.

ಅಪ್ಪ ಉಡುಪಿಯಲ್ಲಿ ಬ್ಯಾಂಕ್ ನೌಕರರಾಗಿದ್ದರು. ಲೆಕ್ಕ ತಾಳೆಯಾಗದ ದಿನ ಕೊನೆಯ ಸಿಟಿ ಬಸ್ಸಿಗೆ ಬರುತ್ತಿದ್ದುದೂ ಉಂಟು. ಆದರೆ ಚಪ್ಪಲಿ ಬಿಟ್ಟು ಕಾಲು ತೊಳೆದರೆಂದರೆ ಬ್ಯಾಂಕು ಬ್ಯಾಂಕಿನಲ್ಲೇ. ನನ್ನ ಕೆಲಸದ ಗಂಟೆಗಳು ಅವರಿಗಿಂತ ಕಡಿಮೆಯೇ ಇರಬಹುದು, ಆದರೆ ಅದಕ್ಕೆ ಕೊನೆಯೆಂಬುದಿಲ್ಲ. ಕೆಲಸಕ್ಕಿಂತ, ಯಾವಾಗ ಬರುತ್ತದೋ ಎಂದು ಕಾಯುವುದೇ ಹೆಚ್ಚು ದಣಿಸುತ್ತದೆ. ಕದ್ರಿಯಲ್ಲಿ ಯಕ್ಷಗಾನ ನೋಡಲು ಕುಳಿತರೂ ಚೆಂಡೆಯ ಪೆಟ್ಟಿನ ನಡುವೆ ಕೈ ಬ್ಯಾಗಿಗೆ ಹೋಗುತ್ತದೆ.

ಕೆಲಸದ ಹೊತ್ತಿನ ಬಳಿಕ ಸಂಪರ್ಕದಿಂದ ದೂರವಿರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕಾನೂನಿನಲ್ಲಿದೆ. ನಮ್ಮ ಲೋಕಸಭೆಯಲ್ಲೂ 2018ರಲ್ಲಿ ಇಂಥದೊಂದು ಖಾಸಗಿ ಮಸೂದೆ ಮಂಡನೆಯಾಗಿತ್ತು, ಕಾನೂನಾಗಲಿಲ್ಲ. ಆಸ್ಪತ್ರೆ, ವಿದ್ಯುತ್, ಅಗ್ನಿಶಾಮಕದವರ ಮಾತು ಬೇರೆ. ನಮ್ಮ ಕಡತಗಳಿಗೆ ಬೆಳಗಿನವರೆಗೆ ಏನೂ ಆಗುವುದಿಲ್ಲ.

ವಿಭಾಗದ ಗುಂಪಿನಲ್ಲಿ ಈಗ ವಿನಂತಿ ಹಾಕಿದ್ದೇನೆ: ತುರ್ತಿದ್ದರೆ ಕರೆ ಮಾಡಿ, ಉಳಿದದ್ದನ್ನು ಬೆಳಿಗ್ಗೆ ಕಳುಹಿಸಿ. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಒಪ್ಪಿಗೆ ಸೂಚಿಸುತ್ತಿದ್ದಾರೆ. ಮೇಲಧಿಕಾರಿಗಳೊಂದಿಗೆ ಸೋಮವಾರ ಮುಖತಃ ಮಾತನಾಡುತ್ತೇನೆ.