ಕ್ಯಾನ್ಸರ್‌ಗೆ ಕೊಟ್ಟ ಕರೆಂಟ್ ಮುಗಿದು ನಾಲ್ಕು ವರ್ಷ ಆಯ್ತಲ್ಲ, ಇನ್ನೂ ನೋವಾ?

ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಈ ಪ್ರಶ್ನೆ ಬಂದೇ ಬರುತ್ತದೆ. ಅನ್ನವನ್ನು ತಿಳಿಸಾರಿನಲ್ಲಿ ಗಂಜಿಯ ಹದಕ್ಕೆ ಕಲಸಿ, ಸಣ್ಣ ಚಮಚದಲ್ಲಿ ನಾನು ತಿನ್ನುವುದನ್ನು ನೋಡಿ ಪಕ್ಕದವರು ಮೆಲ್ಲಗೆ ಕೇಳುತ್ತಾರೆ: "ಅಕ್ಕಾ, ಇನ್ನೂ ನೋವಿದೆಯಾ?" ಮತ್ತೆ ಬಂತಾ ಅನ್ನುವ ಭಯವೂ ಆ ದನಿಯಲ್ಲಿರುತ್ತದೆ.

ಕಾಯಿಲೆ ಮತ್ತೆ ಬಂದಿಲ್ಲ. ಆದರೆ ನೋವು ಹೋಗಿಲ್ಲ.

ನನ್ನದು ಎಡಗೆನ್ನೆಯ ಒಳಗಿನ ಕ್ಯಾನ್ಸರ್. ಆಪರೇಷನ್‌ನಲ್ಲಿ ಗಡ್ಡೆಯ ಜೊತೆ ಕತ್ತಿನ ಗ್ರಂಥಿಗಳನ್ನೂ ತೆಗೆದರು. ಆಮೇಲೆ ವಾರಕ್ಕೆ ಐದು ದಿನದಂತೆ ಆರು ವಾರ, 30 ಸಲ ರೇಡಿಯೇಷನ್. ನಮ್ಮ ಕಡೆ ಅದನ್ನೇ ಕರೆಂಟ್ ಕೊಡಿಸೋದು ಅನ್ನುತ್ತಾರೆ. ಆಗ ಬಾಯಿತುಂಬ ಹುಣ್ಣು, ನೀರು ನುಂಗಲೂ ಆಗುತ್ತಿರಲಿಲ್ಲ. ಮುಗಿದ ಮೇಲೆ ಕೆಲವು ವಾರಗಳಲ್ಲಿ ಹುಣ್ಣು ಮಾಯ್ದವು. ಎಲ್ಲರಿಗೂ ಗೊತ್ತಿರುವುದು ಆ ನೋವು.

ಈಗಿನದು ತಿಂಗಳುಗಳಾದ ಮೇಲೆ ಶುರುವಾದದ್ದು. ವಿಕಿರಣ ಬಿದ್ದ ಜಾಗದಲ್ಲಿ ಸಣ್ಣ ರಕ್ತನಾಳಗಳು ಸೊರಗುತ್ತವೆ, ಮೆತ್ತಗಿದ್ದ ಸ್ನಾಯುವಿನಲ್ಲಿ ನಾರು ಬೆಳೆದು ಬಿಗಿಯುತ್ತದೆ. ಮೆಷಿನ್ ನಿಂತರೂ ಈ ಬದಲಾವಣೆ ವರ್ಷಗಟ್ಟಲೆ ನಡೆಯುತ್ತಲೇ ಇರುತ್ತದೆ. ನನ್ನ ಕತ್ತಿನ ಎಡಭಾಗ ಮುಟ್ಟಿದರೆ ಚಕ್ಕಳದ ಹಾಗಿದೆ. ಸಾಮಾನ್ಯವಾಗಿ ಬಾಯೊಳಗೆ ಮೂರು ಬೆರಳು ಒಂದರ ಮೇಲೊಂದು ಹಿಡಿಸಬೇಕು. ನನಗೆ ಎರಡು ಹಿಡಿಸುವುದೇ ಕಷ್ಟ. ಅಡಿಕೆ ಜಗಿದು ಬಾಯಿ ಮೊದಲೇ ಬಿಗಿದಿತ್ತು, ಅದರ ಮೇಲೆ ಇದು. ತಂಬಾಕು ಹಾಕದೆ ಬರಿ ಅಡಿಕೆ ಜಗಿದರೂ ಕ್ಯಾನ್ಸರ್ ಬರುತ್ತದೆ ಎಂದು ಮಲೆನಾಡಿನ ನನ್ನ ನೆಂಟರಿಗೆ ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಇನ್ನೊಂದು ನೋವು ನರದ್ದು. ದವಡೆಯಿಂದ ಕಿವಿಯವರೆಗೆ ಒಮ್ಮೆಗೇ ಕಾದ ತಂತಿ ಎಳೆದಂತೆ. ಮೊದಲ ವರ್ಷ ಡಾಕ್ಟರಿಗೆ ಇದನ್ನು ಹೇಳಲೇ ಇಲ್ಲ. ಜೀವ ಉಳಿಸಿದವರ ಮುಂದೆ ನೋವು ಅಂದರೆ ದೂರು ಹೇಳಿದಂತಾಗುತ್ತದೆ ಅಂದುಕೊಂಡಿದ್ದೆ. ಕೊನೆಗೆ ಒಂದು ಕಡೆ ಹೇಳಿದಾಗ, "ಸ್ಕ್ಯಾನ್ ಚೆನ್ನಾಗಿದೆಯಲ್ಲಮ್ಮ" ಎಂದು ಮಾತು ಮುಗಿಸಿದರು. ಮನೆಗೆ ಬಂದು ಅತ್ತುಬಿಟ್ಟೆ. ನೋವಿನ ಕ್ಲಿನಿಕ್ಕಿನ ಡಾಕ್ಟರೇ, ಇದು ನರದ ನೋವು, ಪ್ಯಾರಸಿಟಮಾಲ್‌ಗೆ ಅಷ್ಟಾಗಿ ಬಗ್ಗುವುದಿಲ್ಲ ಎಂದು ರಾತ್ರಿಗೆ ಗ್ಯಾಬಪೆಂಟಿನ್ ಕೊಟ್ಟು, ನಿಧಾನವಾಗಿ ಡೋಸ್ ಏರಿಸಿದರು. ತಾವಾಗಿ ಒಮ್ಮೆಗೇ ನಿಲ್ಲಿಸಬಾರದು ಎಂದೂ ಹೇಳಿದರು. ನೋವು ಪೂರ್ತಿ ಹೋಗಲಿಲ್ಲ, ಆದರೆ ನಿದ್ದೆ ಬಂತು. ಒಂದು ವರ್ಷ ಸರಿಯಾಗಿ ನಿದ್ದೆಯಿಲ್ಲದವಳಿಗೆ ಅದು ಎಷ್ಟು ದೊಡ್ಡದು ಅಂತ ಹೇಳಿ ತಿಳಿಸಲಾರೆ.

ಭುಜದ ನೋವಿಗೆ ಕಾರಣ ಕತ್ತಿನ ಆಪರೇಷನ್. ಅದಕ್ಕೆ ಫಿಸಿಯೋಥೆರಪಿ ಇದೆ. ಬಾಯಿಗೆ ಐಸ್‌ಕ್ರೀಮ್ ಕಡ್ಡಿಗಳ ಕಟ್ಟು. ಹಲ್ಲುಗಳ ನಡುವೆ ಇಟ್ಟುಕೊಂಡು, ತಾಳುವಷ್ಟೇ, ವಾರಗಳು ಕಳೆದಂತೆ ಒಂದೊಂದೇ ಕಡ್ಡಿ ಸೇರಿಸುವುದು. ಬಿಟ್ಟರೆ ಮತ್ತೆ ಬಿಗಿಯುತ್ತದೆ, ಅದಕ್ಕೇ ಈಗಲೂ ದಿನಾ ಮಾಡುತ್ತೇನೆ.

ಹಲ್ಲಿನ ವಿಷಯ ಮಾತ್ರ ದಯವಿಟ್ಟು ನೆನಪಿಡಿ. ಕರೆಂಟ್ ಬಿದ್ದ ದವಡೆಯ ಮೂಳೆ ಬೇಗ ಮಾಯುವುದಿಲ್ಲ. ಹಲ್ಲು ಕಿತ್ತ ಜಾಗದಲ್ಲಿ ಮೂಳೆಯೇ ಸತ್ತು ಹೊರಗೆ ಕಾಣಿಸಬಹುದು, ಎಷ್ಟೋ ವರ್ಷಗಳಾದ ಮೇಲೂ. ಹಲ್ಲಿನ ಡಾಕ್ಟರು ಕೇಳದಿದ್ದರೂ ರೇಡಿಯೇಷನ್ ಆಗಿದೆ ಎಂದು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ.

ಮತ್ತೆ ಬಂತಾ ಎನ್ನುವ ಭಯ ನನಗೂ ಇದೆ. ಹಳೆಯ ನೋವಿನ ದಾರಿ ನನಗೆ ಗೊತ್ತು. ಅದು ದಾರಿ ಬದಲಿಸಿದರೆ, ಹೊಸ ಹುಣ್ಣು ಮಾಯದಿದ್ದರೆ, ಗಂಟು ಕೈಗೆ ಸಿಕ್ಕರೆ, ರಕ್ತ ಬಂದರೆ, ಒಂದು ಕಿವಿ ಬಿಡದೆ ನೋಯತೊಡಗಿದರೆ ಮುಂದಿನ ಚೆಕಪ್‌ವರೆಗೆ ಕಾಯುವುದಿಲ್ಲ. ಹೋದ ಶ್ರಾವಣದಲ್ಲಿ ಹಾಗೆಯೇ ಓಡಿದ್ದೆ. ಏನೂ ಇರಲಿಲ್ಲ. "ಬಂದಿದ್ದು ಒಳ್ಳೇದಾಯ್ತು" ಅಂದರು ಡಾಕ್ಟರು. ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಮಗಳು ಇಡ್ಲಿ ಕಟ್ಟಿಸಿಕೊಂಡು ಬಂದಳು. ಸಾಂಬಾರ್ ಬೇಡ ಎಂದು ನಾನು ಹೇಳುವ ಮೊದಲೇ ಬಿಸಿನೀರಿನಲ್ಲಿ ಕಿವುಚಿ ಕೊಟ್ಟಳು.