ಕಸದ ಬೆಟ್ಟದ ಅನಿಲಕ್ಕೆ ಅಡ್ಡ ನಿಂತ ಕಪ್ಪು ನೀರು

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಅಂಚಿನಲ್ಲಿ ಕಸ ಸುರಿದು ಮಣ್ಣು ಮುಚ್ಚಿದ ಹಳೆಯ ಭೂಭರ್ತಿ ಘಟಕವೊಂದನ್ನು ನೋಡಲು ಹೋಗಿದ್ದೆ. ಕಸದ ಮೇಲೆ ಹೊದಿಸಿದ್ದ ಮಣ್ಣು ಒಂದೆಡೆ ಬಿರುಕು ಬಿಟ್ಟು ಅಂಗೈಯಗಲದ ನೀರು ನಿಂತಿತ್ತು. ಅದರಲ್ಲಿ ಅನ್ನದ ಎಸರು ಕುದಿಯುವಾಗ ಏಳುವಂಥ ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದವು. ನಾಲ್ಕು ಮಾರು ದೂರದಲ್ಲಿ ಅನಿಲ ಎಳೆಯಲೆಂದೇ ಇಳಿಸಿದ ಕೊಳವೆಯಿದ್ದರೂ ಅದರಿಂದ ಬರುತ್ತಿದ್ದುದು ತೀರಾ ಕಡಿಮೆ. ತೂಕ ಕಟ್ಟಿದ ದಾರವನ್ನು ಒಳಗೆ ಬಿಟ್ಟು ಎತ್ತಿದಾಗ ಕಾರಣ ತಿಳಿಯಿತು: ದಾರ ಅರ್ಧಕ್ಕಿಂತ ಹೆಚ್ಚು ಕಪ್ಪಾಗಿತ್ತು. ಅನಿಲ ಒಳಬರಬೇಕಾದ ರಂಧ್ರಗಳು ಲೀಚೆಟ್‌ನಲ್ಲಿ, ಅಂದರೆ ಕಸದಿಂದ ಬಸಿದ ಕಪ್ಪು ನೀರಿನಲ್ಲಿ, ಮುಳುಗಿದ್ದವು.

ಗಾಳಿಯಾಡದೆ ಕೊಳೆಯುವ ಕಸದಿಂದ ಹೊರಡುವ ಅನಿಲದಲ್ಲಿ ಸುಮಾರು ಅರ್ಧ ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. 100 ವರ್ಷಗಳ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಮಾಡುತ್ತದೆ. ನಮ್ಮ ಊರಿನ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ ಆಗಿರುವುದರಿಂದ, ತರಕಾರಿ ಸಿಪ್ಪೆ, ಉಳಿದ ಅನ್ನಗಳು ಬೇಗನೆ ಕೊಳೆತು, ಬೆಟ್ಟ ಪೂರ್ತಿ ಎದ್ದು ಅದಕ್ಕೆ ಮಣ್ಣು ಹೊದಿಸುವ ಹೊತ್ತಿಗೆ ಅನಿಲದ ಒಳ್ಳೆಯ ಪಾಲು ಹಾರಿಹೋಗಿರುತ್ತದೆ. ಆದ್ದರಿಂದ ಕಸ ತುಂಬುತ್ತಿರುವಾಗಲೇ ಪದರ ಪದರಕ್ಕೂ ಜಲ್ಲಿಯ ನಡುವೆ ರಂಧ್ರದ ಕೊಳವೆಗಳನ್ನು ಅಡ್ಡಲಾಗಿ ಹಾಸುವುದು ಸರಿಯಾದ ಕ್ರಮ.

ನೀರಿನ ವಿಷಯ ಮಾತ್ರ ಸೂಕ್ಷ್ಮವಾದುದು. ಸಗಣಿಗೆ ನೀರು ಬೆರೆಸದಿದ್ದರೆ ಗೋಬರ್ ಗ್ಯಾಸ್ ಚೆನ್ನಾಗಿ ಏಳುವುದಿಲ್ಲ. ಕಸದೊಳಗಿನ ಸೂಕ್ಷ್ಮಜೀವಿಗಳಿಗೂ ತೇವ ಬೇಕೇ ಬೇಕು. ಆದರೆ ಕಸದ ಸಂದುಗಳೆಲ್ಲ ನೀರಿನಿಂದ ತುಂಬಿಕೊಂಡರೆ ಅನಿಲಕ್ಕೆ ಕೊಳವೆಯತ್ತ ದಾರಿಯೇ ಇರದೆ, ಅದು ಸಿಕ್ಕ ಬಿರುಕಿನಿಂದ ಹೊರಬೀಳುತ್ತದೆ. ಕೊಳವೆಯಿಂದ ಅನಿಲ ಎಳೆಯುವ ಬ್ಲೋವರ್‌ನ ಸೆಳೆತವನ್ನು ಹೆಚ್ಚಿಸಿದರೆ ಸಾಕೆಂಬ ಮಾತನ್ನು ಅಲ್ಲಿಯೂ ಕೇಳಿದೆ; ಅದನ್ನು ನಾನು ಒಪ್ಪಲಾರೆ. ಸೆಳೆತ ಮಿತಿಮೀರಿದರೆ ಅದೇ ಬಿರುಕಿನಿಂದ ಹೊರಗಿನ ಗಾಳಿ ಒಳನುಗ್ಗಿ, ಆಮ್ಲಜನಕ ತಾಳದ ಮೀಥೇನ್ ಜೀವಿಗಳು ಸಾಯುತ್ತವೆ, ಬೆಟ್ಟದ ಒಡಲಲ್ಲಿ ಬೆಂಕಿಯೂ ಹೊತ್ತಿಕೊಳ್ಳಬಹುದು. ಪ್ರತಿ ಕೊಳವೆಯಲ್ಲೂ ಮೀಥೇನ್, ಆಮ್ಲಜನಕ, ಉಷ್ಣತೆಗಳನ್ನು ಅಳೆದು ವಾಲ್ವ್ ತಿರುಗಿಸುವ ತಾಳ್ಮೆಯ ಕೆಲಸಕ್ಕೆ ಬದಲಿಯಿಲ್ಲ.

ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರಕ್ಕೆ 2012ರಲ್ಲಿ, ಮಂಡೂರಿಗೆ 2014ರಲ್ಲಿ ಕಸ ಹೋಗುವುದು ನಿಂತಿತು. ಇಂಥ ಹಳೆಯ ಬೆಟ್ಟಗಳಲ್ಲಿ ಅನಿಲದಿಂದ ವಿದ್ಯುತ್ ತಯಾರಿಸುವ ಎಂಜಿನ್‌ಗೆ ಹಣ ಸುರಿಯುವ ಮೊದಲು ಎಷ್ಟು ಅನಿಲ ಉಳಿದಿದೆಯೆಂದು ಅಳೆಯಬೇಕು. ಅಲ್ಪವಾಗಿದ್ದರೆ ಗೊಬ್ಬರ ಬೆರೆಸಿದ ಮಣ್ಣನ್ನು ದಪ್ಪನಾಗಿ ಹೊದಿಸಿದರೂ ಅದರಲ್ಲಿನ ಬ್ಯಾಕ್ಟೀರಿಯಾಗಳು ಸೋರುವ ಮೀಥೇನ್‌ನ ಒಂದಷ್ಟು ಭಾಗವನ್ನು ಉಂಡು ಮುಗಿಸುತ್ತವೆ. ಹೊಸ ಹಸಿ ಕಸವನ್ನಂತೂ ಬೆಟ್ಟಕ್ಕೆ ಒಯ್ಯದೆ, ಬೇರ್ಪಡಿಸಿ ನೇರವಾಗಿ ಬಯೋಗ್ಯಾಸ್ ಟ್ಯಾಂಕಿಗೇ ಹಾಕಬೇಕು. ನಾನು ನೋಡಿದ ಆ ಕೊಳವೆಗೆ ಈಗ ಬೇಕಿರುವುದು ಲೀಚೆಟ್ ಎತ್ತುವ ಒಂದು ಸಣ್ಣ ಪಂಪು, ಆ ಬಿರುಕಿಗೆ ಒಂದೆರಡು ಬುಟ್ಟಿ ಜೇಡಿಮಣ್ಣು.