ಅಪ್ಪನ ಕಾಲು, ನನ್ನ ಬೆರಳು

ಅಪ್ಪನ ಎಡಗಾಲಿನ ಹೆಬ್ಬೆರಳ ಅಡಿಗೆ ಗಾಯ ಆದದ್ದು ಅಪ್ಪನಿಗೇ ಗೊತ್ತಾಗ್ಲಿಲ್ಲ. ತೋಟದಿಂದ ಬಂದು ಜಗಲಿಯಲ್ಲಿ ಕೂತಿದ್ರು, ನೆಲದಲ್ಲಿ ಕೆಂಪು ಹೆಜ್ಜೆಗುರುತು ನೋಡಿ ಅಮ್ಮ ಹೆದರಿ ಕೂಗಿದ್ದು. ಚಪ್ಪಲಿ ಒಳಗೆ ಒಂದು ಸಣ್ಣ ಕಲ್ಲು, ಬೆಳಗ್ಗಿಂದ ಅದರ ಮೇಲೆಯೇ ನಡೆದಿದ್ದಾರೆ. 20 ವರ್ಷದ ಶುಗರು, ಪಾದಕ್ಕೆ ಸ್ಪರ್ಶವೇ ಇಲ್ಲ.

ನಮ್ಮ ಮನೆ ಬದಿಯಡ್ಕದ ಹತ್ತಿರ. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ 4 ತಿಂಗಳು ಡ್ರೆಸ್ಸಿಂಗ್ ಮಾಡಿದ್ರು, ಆಂಟಿಬಯೋಟಿಕ್ ಬದಲಿಸಿ ಬದಲಿಸಿ ಕೊಟ್ರು, ಆದ್ರೆ ಆ ಕಾಲಿಗೆ ಭಾರ ಹಾಕಬೇಡಿ ಅಂತ ಮಾತ್ರ ಒಬ್ಬರೂ ಹೇಳ್ಲಿಲ್ಲ, ಅಪ್ಪ ದಿನಾ ತೋಟಕ್ಕೆ ಹೋಗಿ ಬಂದು ಮಾಡ್ತಾ ಇದ್ರು, ಕೊನೆಗೆ ಒಂದು ದಿನ ಬೆರಳು ತೆಗೀಬೇಕಾಗ್ತದೆ ಅಂದ್ರು. ಆ ಸಿಟ್ಟು ನಂಗೆ ಇವತ್ತಿಗೂ ಹೋಗ್ಲಿಲ್ಲ.

ಹಾಗೆ ಮಂಗಳೂರಿಗೆ ಹೋದದ್ದು. ಅಲ್ಲಿಯ ಡಾಕ್ಟ್ರು ಮೊದಲು ಕಾಲಿಗೆ ರಕ್ತ ಸರಿಯಾಗಿ ಹೋಗ್ತದಾ ನೋಡಿದ್ರು, ಗಾಯದ ಸುತ್ತ ಗಟ್ಟಿಯಾಗಿದ್ದ ಚರ್ಮ ಕೆತ್ತಿ ತೆಗೆದ್ರು, ಆ ಜಾಗಕ್ಕೆ ಭಾರ ಬೀಳದ ಹಾಗೆ ಬೇರೆ ಚಪ್ಪಲಿ ಕೊಟ್ರು. ಆಮೇಲೆ "ಕೋಲ್ಡ್ ಪ್ಲಾಸ್ಮಾ ಕೊಟ್ಟು ನೋಡುವ" ಅಂದ್ರು. ಅಪ್ಪನಿಗೆ ಗಾಬರಿ. ಪ್ಲಾಸ್ಮಾ ಅಂದ್ರೆ ಕೊರೋನಾ ಸಮಯದಲ್ಲಿ ರಕ್ತದಿಂದ ತೆಗೀತಿದ್ರಲ್ಲ, ಅದು ಅಂತ ಗ್ರಹಿಸಿ "ಯಾರ ರಕ್ತ ಡಾಕ್ಟ್ರೇ?" ಅಂತ ಕೇಳಿಯೇ ಬಿಟ್ರು.

ಇದು ಆ ಪ್ಲಾಸ್ಮಾ ಅಲ್ಲ. ಗ್ಯಾಸಿಗೆ ಕರೆಂಟಿನ ಶಕ್ತಿ ಕೊಟ್ಟಾಗ ಅದರ ಅಣುಗಳಿಂದ ಇಲೆಕ್ಟ್ರಾನ್ ಕಿತ್ತು ಬರ್ತದೆ, ಆ ಸ್ಥಿತಿಗೆ ಪ್ಲಾಸ್ಮಾ ಅಂತ 1928ರಲ್ಲಿ ಹೆಸರಿಟ್ಟದ್ದು ಲ್ಯಾಂಗ್ಮೂರ್ ಅನ್ನುವ ವಿಜ್ಞಾನಿ. ಮಿಂಚು, ಉರಿಯುವ ಟ್ಯೂಬ್‌ಲೈಟಿನ ಒಳಗಿರುವುದು, ಎಲ್ಲ ಅದುವೇ. ಗಾಯಕ್ಕೆ ಕೊಡುವುದು 40 ಡಿಗ್ರಿಗಿಂತ ಕಮ್ಮಿ ಬಿಸಿ ಇರುವಂಥದ್ದು. ಅದು ಗಾಳಿಗೆ ತಾಗಿದಾಗ ಆಮ್ಲಜನಕ, ಸಾರಜನಕದ ಚುರುಕು ಕಣಗಳು ಹುಟ್ತವೆ, ಅವು ಬ್ಯಾಕ್ಟೀರಿಯಾದ ಹೊದಿಕೆ ಹಾಳು ಮಾಡ್ತವೆ, ನಮ್ಮ ಜೀವಕೋಶಗಳಿಗೆ ಸಣ್ಣ ಡೋಸಲ್ಲಿ ಬೆಳೀಲಿಕ್ಕೆ ತಟ್ಟಿ ಎಬ್ಬಿಸಿದ ಹಾಗೆ ಆಗ್ತದೆ.

ಮೆಷಿನ್ ಅಂದ್ರೆ ಒಂದು ದಪ್ಪ ಪೆನ್ನು, ಅದರ ಬಾಲಕ್ಕೆ ವಯರು, ಹಿಂದೆ ಆರ್ಗಾನ್ ಗ್ಯಾಸಿನ ಸಿಲಿಂಡರ್. ಸ್ವಿಚ್ ಹಾಕಿದಾಗ ಸಣ್ಣಕ್ಕೆ ಸುಯ್ ಅಂತ ಶಬ್ದ, ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ನೇರಳೆ ಬಣ್ಣದ ಜ್ವಾಲೆ, ಸಿಡಿಲು ಹೊಡೆದ ಮೇಲೆ ಬರ್ತದಲ್ಲ ಅಂಥ ವಾಸನೆ. ಜ್ವಾಲೆ ನೋಡಿ ಅಪ್ಪ ಕಾಲು ಎಳ್ಕೊಂಡ್ರು. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ, ಹಿಂದೆ ಒಂದ್ಸಲ ಬಿಸಿನೀರಿಗೆ ಕಾಲಿಟ್ಟು ಬೊಬ್ಬೆ ಎದ್ದದ್ದು ನೆನಪಿತ್ತು ಅವರಿಗೆ. "ನೀನು ಮುಟ್ಟಿ ನೋಡು ಮಗಳೇ" ಅಂದ್ರು. ಸಿಸ್ಟರ್ ಮೊದಲು ತನ್ನ ಬೆರಳು ಅಡ್ಡ ಹಿಡಿದು ತೋರಿಸಿದ್ರು, ಮತ್ತೆ ನಾನು ಹಿಡಿದೆ. ಯಾರೋ ಹತ್ತಿರದಿಂದ ಊದಿದ ಹಾಗೆ, ಸ್ವಲ್ಪ ಚುಮುಚುಮು. "ಬಿಸಿ ಇಲ್ಲಪ್ಪಾ" ಅಂದ ಮೇಲೆಯೇ ಅವರು ಕಾಲು ಚಾಚಿದ್ದು. ಗಾಯದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಗದ್ದೆ ಉತ್ತ ಹಾಗೆ ಸಾಲು ಸಾಲಾಗಿ, ನಿಧಾನಕ್ಕೆ ಆ ಜ್ವಾಲೆ ಓಡಾಡಿಸಿದ್ರು. 5 ನಿಮಿಷ ಅಷ್ಟೆ.

ಡಾಕ್ಟ್ರು ಒಂದು ಮಾತು ಸ್ಪಷ್ಟ ಹೇಳಿದ್ರು, ಇದೊಂದರಿಂದಲೇ ಗುಣ ಆಗ್ತದೆ ಅಂತ ನಂಬಬೇಡಿ, ಶುಗರ್ ಹಿಡಿತದಲ್ಲಿರಬೇಕು, ಕಾಲಿಗೆ ಭಾರ ಬೀಳಬಾರದು ಅಂತ. ಜರ್ಮನಿಯಲ್ಲಿ 43 ಶುಗರ್ ರೋಗಿಗಳ 62 ಗಾಯಗಳ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟ ಆಗಿತ್ತು. ಅರ್ಧ ಗಾಯಗಳಿಗೆ ನಿಜವಾದ ಪ್ಲಾಸ್ಮಾ, ಉಳಿದವಕ್ಕೆ ತೋರಿಕೆಗೆ. ಪ್ಲಾಸ್ಮಾ ಕೊಟ್ಟ ಗಾಯಗಳು ಬೇಗ ಸಣ್ಣ ಆದವು, ಸೋಂಕು ಕಮ್ಮಿ ಆಗುವುದರಲ್ಲಿ ಮಾತ್ರ ಎರಡು ಗುಂಪಿಗೂ ಹೇಳುವಂಥ ವ್ಯತ್ಯಾಸ ಇರ್ಲಿಲ್ಲ. ಇದನ್ನು ಓದಿದ ಮೇಲೆ ನಂಗೆ ಧೈರ್ಯ ಬಂತು, ಯಾಕಂದ್ರೆ ಎಲ್ಲದಕ್ಕೂ ಮದ್ದು ಅಂತ ಹೇಳಿದ್ರೆ ನಾನು ನಂಬ್ತಿರ್ಲಿಲ್ಲ.

ವಾರಕ್ಕೆ 2 ಸಲ ಕುಂಬಳೆ, ತಲಪಾಡಿ ದಾಟಿ ಹೋಗಿ ಬರ್ತೇವೆ. ಪ್ರತಿ ಸಲ ಸಿಸ್ಟರ್ ಗಾಯದ ಮೇಲೆ ಪಾರದರ್ಶಕ ಹಾಳೆ ಇಟ್ಟು ಅಂಚು ಗೀರ್ತಾರೆ. ಆ ಹಾಳೆಗಳ ಫೋಟೋ ತೆಗೆದು ಮನೆಯಲ್ಲಿ ಅಮ್ಮನಿಗೆ ತೋರಿಸುವುದು ಅಪ್ಪನ ಕೆಲಸ. ಮೊದಲನೆಯದು ಸುಲಿದ ಅಡಿಕೆಯಷ್ಟು ಇತ್ತು. ಮೊನ್ನೆಯದು ಒಂದು ಕರಿಮೆಣಸಿನ ಕಾಳು. ಇನ್ನೂ ಮುಚ್ಚಲಿಲ್ಲ, ಗುರುವಾರ ಮತ್ತೆ ಹೋಗ್ಲಿಕ್ಕೆ ಉಂಟು. ಪೆನ್ನು ಉರಿಸಿದ ಕೂಡ್ಲೇ ಅಪ್ಪ ಈಗಲೂ ನನ್ನ ಮುಖ ನೋಡ್ತಾರೆ, ನಾನು ಬೆರಳು ಅಡ್ಡ ಹಿಡೀತೇನೆ.